ಬಲಗಣ್ಣಿನ ಸಾಕ್ಷಿ

ಗದ್ದೆಮ್ಮನ ಎಡಗಣ್ಣು ಕೆಟ್ಟಿದ್ದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಮೊದಲು ಅವಳಿಗೂ ಗೊತ್ತಿರಲಿಲ್ಲ. ಮಸ್ಕಿಯ ಆಚೆ, ಕಾಲುವೆಯ ನೀರು ಸುಸ್ತಾಗಿ ಬಂದು ಮುಟ್ಟುವ ಕೊನೆಯ ಊರು ಅವರದು. ಅಲ್ಲಿ ಭತ್ತದ ನಾಟಿಗೆ ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ಹೋಗುತ್ತಿದ್ದವಳು ಅವಳೇ. ಬದುವಿನ ಮೇಲೆ ನಿಂತು, ಯಾರ ಸಾಲು ಒತ್ತಾಯಿತು, ಯಾರದು ತೆಳುವಾಯಿತು ಅಂತ ಅಲ್ಲಿಂದಲೇ ಕೂಗಿ ಹೇಳುತ್ತಿದ್ದಳು. ಒಂದು ಸಲ ಭತ್ತ ತೂರುವಾಗ ಬಲಗಣ್ಣಿಗೆ ಹೊಟ್ಟು ಬಿತ್ತು. ಸೆರಗಿನಿಂದ ಅದನ್ನು ಒತ್ತಿ ಹಿಡಿದು ತಲೆ ಎತ್ತಿದರೆ, ಎದುರಿಗೆ ನಿಂತ ಮಗಳು ಪಕೀರಮ್ಮನಿಗೆ ಮುಖವೇ ಇರಲಿಲ್ಲ. ಸೀರೆ ಇತ್ತು, ಸೊಂಟದ ಮೇಲೆ ಕೊಡ ಇತ್ತು, ಮುಖ ಇರಬೇಕಾದ ಕಡೆ ಹೊಗೆ ಮೆತ್ತಿದಂಥ ಕಲೆ.

"ಯವ್ವಾ, ಯಾಕ ಹಂಗ ನೋಡಾಕತ್ತಿ?" ಅಂದಳು ಪಕೀರಮ್ಮ.

"ಏನಿಲ್ಲ ಬೇ" ಅಂದವಳು ಸೆರಗು ತೆಗೆದಳು. ಮುಖ ಮರಳಿ ಬಂತು.

ಆ ವರ್ಷ, ಎಂಬತ್ತಾರರಲ್ಲಿ, ಸಿಂಧನೂರಿಗೆ ಹೈದರಾಬಾದಿನಿಂದ ಒಬ್ಬ ಕಣ್ಣಿನ ಡಾಕ್ಟರು ಬರತೊಡಗಿದ್ದರು. ಹೆಸರು ದಸ್ತಗೀರ್‌ಸಾಬ್, ಹುಟ್ಟಿದ್ದು ರಾಯಚೂರಿನಲ್ಲೇ. ಉಳಿದ ಕಣ್ಣಿನ ಡಾಕ್ಟರುಗಳ ಹಾಗೆ ಪೊರೆ ತೆಗೆದು ಹಸಿರು ಪಟ್ಟಿ ಕಟ್ಟಿ ಕಳಿಸುವವರಲ್ಲ. ಮುಪ್ಪಿನಲ್ಲಿ ಕಣ್ಣಿನ ಹಿಂದಿನ ಪರದೆಗೆ ಬರುವ ರೋಗವೇ ಅವರ ಅಭ್ಯಾಸದ ವಿಷಯ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸುತ್ತಿನ ವಯಸ್ಸಾದವರನ್ನು ವರ್ಷಕ್ಕೊಮ್ಮೆ ಕರೆಸಿ, ಪಾಪೆ ಅಗಲ ಮಾಡುವ ಹನಿ ಹಾಕಿ, ದೊಡ್ಡದೊಂದು ಕ್ಯಾಮೆರಾದಿಂದ ಕಣ್ಣಿನೊಳಗಿನ ಚಿತ್ರ ತೆಗೆಯುತ್ತಿದ್ದರು. ಕೆಲವರಿಗೆ ರಟ್ಟೆಯ ನರಕ್ಕೆ ಹಳದಿ ಔಷಧ ಚುಚ್ಚಿ ಮತ್ತೆ ತೆಗೆಯುತ್ತಿದ್ದರು. ಎರಡು ದಿನ ಉಚ್ಚೆ ಅರಿಶಿನದ ನೀರಿನಂತೆ ಹೋಗುತ್ತದೆ, ಹೆದರಬೇಡಿ ಅಂತ ಮೊದಲೇ ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು.

ಗದ್ದೆಮ್ಮನ ಚಿತ್ರವನ್ನು ಗೋಡೆಯ ಮೇಲೆ ಬೆಳಕು ಬಿಟ್ಟು ಅವಳಿಗೇ ತೋರಿಸಿದರು. ಕಿತ್ತಳೆ ಬಣ್ಣದ ದುಂಡನೆಯ ನೆಲ, ಅದರ ತುಂಬ ಕವಲೊಡೆದ ಕೆಂಪು ನರಗಳು.

"ನಮ್ಮ ಕಾಲುವಿ ಇದ್ದಂಗ ಐತಲ್ರಿ" ಅಂದಳು.

"ಹೌದಮ್ಮ. ಇಲ್ಲಿ ನೋಡು, ಇದು ಎಡಗಣ್ಣು. ನಟ್ಟನಡುವ ಗಾಯ ಮಾಯ್ದು ಬೆಳ್ಳಗಾಗ್ಯದ. ನಾವು ಮಾರಿ ನೋಡೋದು, ಅಕ್ಷರ ಓದೋದು ಈ ಜಾಗದಾಗ. ಇದು ಇನ್ನ ಬರಂಗಿಲ್ಲ." ಆಮೇಲೆ ಬಲಗಣ್ಣಿನದು ಹಾಕಿದರು. "ಇದು ಛಲೋ ಅದ. ಆದ್ರ ಈ ಹಳದಿ ಕಾಳು ಕಾಣ್ತಾವಲ್ಲ, ಇವು ಇರಬಾರದು. ಕೆಲವರಿಗೆ ಹತ್ತು ವರ್ಷ ಹಂಗೇ ಇರ್ತಾವ. ಕೆಲವರಿಗೆ ಒಮ್ಮಿಂದೊಮ್ಮೆ ಅಡಿಯಿಂದ ಹೊಸ ನರ ಎದ್ದು ರಕ್ತ ಒಸರ್ತದ. ಯಾರಿಗೆ, ಯಾವಾಗ ಅನ್ನೋದು ಇನ್ನೂ ಯಾರಿಗೂ ಬರೋಬ್ಬರಿ ಗೊತ್ತಿಲ್ಲ. ಅದಕ್ಕಽ ವರ್ಷಾ ವರ್ಷಾ ಬಾ ಅಂತೀನಿ. ಹೋದ ವರ್ಷದ್ದು, ಈ ವರ್ಷದ್ದು ಬಾಜೂ ಬಾಜೂ ಇಟ್ಟು ನೋಡ್ತೀನಿ."

ಮನೆಗೆ ಒಯ್ಯಲು ಒಂದು ಕಾಗದ ಕೊಟ್ಟರು. ಅದರ ತುಂಬ ಚೌಕುಳಿ ಗೆರೆ, ನಡುವೆ ಒಂದು ಚುಕ್ಕೆ. ದಿನಾ ಬೆಳಿಗ್ಗೆ ಎಡಗಣ್ಣು ಮುಚ್ಚಿ ಚುಕ್ಕೆ ನೋಡಬೇಕು, ಗೆರೆ ಡೊಂಕಾದ ದಿನ ಓಡಿ ಬರಬೇಕು. ಪಕೀರಮ್ಮ ಅದನ್ನು ಅನ್ನದ ಗಂಜಿ ಹಚ್ಚಿ ಗೋಡೆಗೆ ಅಂಟಿಸಿದಳು. ಮೂರು ವರ್ಷ ಗೆರೆ ನೆಟ್ಟಗೇ ಇದ್ದವು. ಎಂಬತ್ತೊಂಬತ್ತರ ಶ್ರಾವಣದಲ್ಲಿ ತೆಗೆದ ಚಿತ್ರ ನೋಡಿಯೂ ಡಾಕ್ಟರು, "ಕಾಳು ಒಂಚೂರು ಹೆಚ್ಚಾಗ್ಯಾವ, ನಡುವಿನ ಜಾಗ ಸಾಫ್ ಅದ, ಹೋಗಿ ಬಾ" ಅಂದರು.

ದಸರೆ ಕಳೆದು ಭತ್ತ ಹಾಲು ಕಟ್ಟುವ ಹೊತ್ತು. ಕೊನೆಯ ಹೊಲಗಳಿಗೆ ನೀರು ಸಾಲುತ್ತಿರಲಿಲ್ಲ. ಮೇಲಿನ ಕಡೆ ಹೊಲವಿದ್ದ ದುರುಗಪ್ಪ ಮತ್ತು ಅವನ ತಮ್ಮ ವೆಂಕೋಬ ಹಗಲಿನಲ್ಲೇ ಕಾಲುವೆಗೆ ಎಂಜಿನ್ ಹಚ್ಚಿ ನೀರು ಎತ್ತುತ್ತಿದ್ದರು. ಊರಿನಲ್ಲಿ ಟ್ರ್ಯಾಕ್ಟರ್ ಇದ್ದದ್ದು ಅವರಿಗೆ, ಹತ್ತು ಮನೆಗೆ ಕೂಲಿ ಕೊಡುತ್ತಿದ್ದದ್ದೂ ಅವರೇ, ಹಾಗಾಗಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಆದಪ್ಪ ಬಿಟ್ಟ. ಗದ್ದೆಮ್ಮನ ಗುಂಪಿನಲ್ಲೇ ಮೊದಲಿನಿಂದ ನಾಟಿ ಮಾಡಿಕೊಂಡು ಬಂದ ಕನಕಮ್ಮನ ಒಬ್ಬನೇ ಮಗ ಅವನು. ಒಂದು ಮಧ್ಯಾಹ್ನ ತಾನೇ ಹೋಗಿ ಎಂಜಿನ್ನಿನ ಪೈಪು ಕಿತ್ತು ಎಸೆದ.

ಗದ್ದೆಮ್ಮ ಆಗ ಅತ್ತ ಬದುವಿನ ಮೇಲೆ ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದಳು. ಜಗಳದ ದನಿ ಕೇಳಿ ಎದ್ದು ನಿಂತಳು. ನಡುವೆ ಎರಡು ಮಡಿ ಭತ್ತ, ಬಿಸಿಲು ಅವಳ ಬೆನ್ನ ಹಿಂದಿತ್ತು. ತಲೆಗೆ ಟವೆಲ್ ಸುತ್ತಿದ ಒಬ್ಬ ಇವಳಿಗೆ ಬೆನ್ನು ಮಾಡಿ, ಆದಪ್ಪನ ಎರಡೂ ರಟ್ಟೆ ಹಿಡಿದಿದ್ದ. ಎದುರಿಗೆ ವೆಂಕೋಬ ಸಲಿಕೆ ಎತ್ತಿದ್ದ. ಸಲಿಕೆ ಇಳಿದ ಸಪ್ಪಳ ಅವಳಿಗೆ ಕೇಳಿಸಿತು. "ಲೇ ವೆಂಕ್ಯಾ!" ಅಂತ ಚೀರಿದಳು. ವೆಂಕೋಬ ತಿರುಗಿ ನೇರ ಅವಳನ್ನೇ ನೋಡಿದ. ಬೆನ್ನು ಮಾಡಿದ್ದವನು ತಿರುಗಲಿಲ್ಲ, ತಲೆ ತಗ್ಗಿಸಿ ಎಂಜಿನ್ನಿನ ಹಿಂದೆ ಹಾದು ಜೋಳದ ಹೊಲದೊಳಗೆ ಹೋಗಿಬಿಟ್ಟ.

ಆದಪ್ಪ ಸಾಯಲಿಲ್ಲ. ತಿಂಗಳೊಪ್ಪತ್ತು ದವಾಖಾನೆಯಲ್ಲಿದ್ದು ಮನೆಗೆ ಬಂದ, ಆದರೆ ಮಾತು ಹೋಗಿತ್ತು. ಕುಳಿತಲ್ಲಿ ಕುಳಿತು ಗೋಡೆ ನೋಡುತ್ತಿದ್ದ. ಕನಕಮ್ಮ ಗಂಜಿ ಉಣಿಸಿ ಬಾಯಿ ಒರೆಸುತ್ತಿದ್ದಳು. ಯಾರು ಹೊಡೆದರೆಂದು ಹೇಳಬೇಕಾದವನೇ ಮೂಕನಾದ ಮೇಲೆ ಉಳಿದವಳು ಗದ್ದೆಮ್ಮ ಒಬ್ಬಳೇ. ಪೊಲೀಸರ ಮುಂದೆ ಅವಳು ಕಂಡದ್ದನ್ನು ಕಂಡ ಹಾಗೆ ಹೇಳಿದಳು: ಹೊಡೆದವ ವೆಂಕೋಬ, ಹಿಡಿದವ ಯಾರೋ, ಮಾರಿ ಕಾಣಲಿಲ್ಲ. ಊರೆಲ್ಲ ಹಿಡಿದವ ದುರುಗಪ್ಪನೇ ಅನ್ನುತ್ತಿತ್ತು. ಪೊಲೀಸರು ಅಣ್ಣತಮ್ಮರಿಬ್ಬರ ಮೇಲೂ ಕೇಸು ಹಾಕಿದರು. ಜಾಮೀನಿನ ಮೇಲೆ ಇಬ್ಬರೂ ಹೊರಗೆ ಬಂದರು.

ಸಂಕ್ರಾಂತಿ ಇನ್ನೇನು ಬಂತು ಅನ್ನುವಾಗ, ಒಂದು ಬೆಳಿಗ್ಗೆ ಗೋಡೆಯ ಮೇಲಿನ ಗೆರೆಗಳು ಅಲೆಯ ಹಾಗೆ ಬಾಗಿದ್ದವು. ಗದ್ದೆಮ್ಮ ಕಣ್ಣು ತಿಕ್ಕಿ ಮತ್ತೆ ನೋಡಿದಳು. ಚುಕ್ಕೆಯ ಸುತ್ತ ಕಪ್ಪಗೆ ಏನೋ ತೇಲುತ್ತಿತ್ತು. ಮೊದಲ ಬಸ್ಸಿಗೇ ತಾಯಿ ಮಗಳು ಸಿಂಧನೂರಿಗೆ ಹೋದರು. ಅಲ್ಲಿದ್ದ ಸಹಾಯಕ ಡಾಕ್ಟರು ಹೈದರಾಬಾದಿಗೆ ಫೋನು ಮಾಡಿದರು, ಮರುದಿನ ದಸ್ತಗೀರ್‌ಸಾಬ್ ತಾವೇ ಬಂದು ಚಿತ್ರ ತೆಗೆದರು. ತೊಳೆದು ಬಂದ ಚಿತ್ರವನ್ನು ಶ್ರಾವಣದ ಚಿತ್ರದ ಪಕ್ಕ ಇಟ್ಟು ನೋಡಿದರು.

"ಲೇಸರ್ ಅಂತ ಒಂದು ಬೆಳಕು ಅದ. ಸೋರೋ ನರ ಸುಡ್ತದ. ಆದ್ರ ನಿನಗ ರಕ್ತ ನಟ್ಟನಡುವ ಬಂದದ. ಅಲ್ಲಿ ಸುಟ್ರ, ನೋಡೋ ಜಾಗಾನೇ ಸುಡ್ತೀನಿ."

"ಹಂಗಾರ ಇದೂ ಹೋತೇನ್ರಿ?"

"ಕುರುಡಿ ಆಗಂಗಿಲ್ಲಮ್ಮ. ಅಂಚಿಗೆ ಕಾಣ್ತದ, ನಡದಾಡ್ತಿ, ಉಣ್ತಿ. ಮಾರಿ ಮಾತ್ರ ಕಾಣಂಗಿಲ್ಲ."

ಗದ್ದೆಮ್ಮ ಅಳಲಿಲ್ಲ. ಬಸ್ಸಿನಲ್ಲಿ ಮಗಳ ಮುಖದ ಮೇಲೆ ಅಂಗೈ ಇಟ್ಟು, ಹುಬ್ಬು, ಮೂಗು, ಗದ್ದ ಎಲ್ಲ ಸವರಿದಳು. ಮಸ್ಕಿ ಬರುವವರೆಗೂ ಕೈ ತೆಗೆಯಲಿಲ್ಲ.

ಸುದ್ದಿ ಊರಿಗೆ ಅವಳಿಗಿಂತ ಮುಂಚೆ ಮುಟ್ಟಿತೋ ಏನೋ. ವಾರ ಕಳೆದಿರಲಿಲ್ಲ, ಪಕೀರಮ್ಮ ನೀರಿಗೆ ಹೋದ ಹೊತ್ತು ನೋಡಿ ಮನೆಯ ಮುಂದೆ ಮೋಟರ್‌ಸೈಕಲ್ ಬಂದು ನಿಂತಿತು. ಒಳಗೆ ಬಂದವನ ಬಿಳಿ ಅಂಗಿ, ಅಗಲ ಹೆಗಲು ಕಂಡವು, ಮೇಲೆ ಹೊಗೆ.

"ಹ್ಯಾಂಗದಿ ಅತ್ತಿ? ಕಣ್ಣು ಹೋದ್ವಂತ?"

ದನಿ ದುರುಗಪ್ಪನದು. ಗದ್ದೆಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. "ಪೂರಾ ಹೋಗಿಲ್ಲಪ್ಪ."

"ಹೌದಾ? ಹಂಗಾರ ಹೇಳು, ನನ್ನ ಕೈಯಾಗ ಏನೈತಿ?"

ಅವನು ಕೈ ಚಾಚಿದ. ಅವಳು ದಿಟ್ಟಿಸಿದಷ್ಟೂ ಕಪ್ಪು ಕಲೆ ಅವನ ಕೈಯ ಮೇಲೆಯೇ ಬಂದು ಕೂಡುತ್ತಿತ್ತು. ಕಣ್ಣು ಪಕ್ಕಕ್ಕೆ ಸರಿಸಿದರೆ ಏನೋ ಬಾಗಿದ್ದು ಮಿಂಚಿದಂತಾಯಿತು. ಬಳೆಯೋ, ಹಗ್ಗವೋ. ಅವನು ಒಂದು ಹೆಜ್ಜೆ ಮುಂದೆ ಬಂದ. ಅವಳ ಕೆನ್ನೆಗೆ ತಣ್ಣಗಿನ ಗಾಳಿ ಸೋಕಿದ ಹಾಗಾಯಿತು.

"ಹೇಳು ಅತ್ತಿ."

"ಗೊತ್ತಾಗಂಗಿಲ್ಲ" ಅಂದಳು.

"ಇಷ್ಟಽ. ಕೋರ್ಟಿನಾಗೂ ಇಷ್ಟಽ ಹೇಳು. ಕಣ್ಣು ಕಾಣಂಗಿಲ್ರಿ, ಗೊತ್ತಾಗಂಗಿಲ್ರಿ ಅನ್ನು. ಸುಳ್ಳು ಹೇಳು ಅಂತ ನಾನೇನು ಹೇಳಾಕತ್ತಿಲ್ಲ. ನಿಮ್ಮ ಡಾಕ್ಟರ್ ಫೋಟೋನೂ ಅದನ್ನೇ ಹೇಳ್ತಾವ. ನಿನಗೂ ಛಲೋ, ನೀರಿಗೆ ಹೋದ ಮಗಳಿಗೂ ಛಲೋ."

ಗೋಡೆಯ ಕಡೆ ಏನೋ ತಗುಲಿದ ಸದ್ದಾಯಿತು. ಮೋಟರ್‌ಸೈಕಲ್ ಹೋಯಿತು. ಗದ್ದೆಮ್ಮ ಗೋಡೆ ತಡವುತ್ತ ಹೋದಳು. ಅವಳ ಕುಡುಗೋಲು ಯಾವತ್ತೂ ಬಾಗಿಲ ಬಲಗಡೆಯ ಗೂಟಕ್ಕೆ ಇರುತ್ತಿತ್ತು. ಈಗ ಎಡಗಡೆಯ ಗೂಟದಲ್ಲಿತ್ತು. ಹಿಡಿ ಇನ್ನೂ ಬೆಚ್ಚಗಿತ್ತು.

ಪಕೀರಮ್ಮ ಬಂದವಳು ವಿಷಯ ಕೇಳಿ ಕೊಡ ಇಳಿಸುವುದನ್ನೂ ಮರೆತಳು. ಅವಳ ಗಂಡ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸಕ್ಕಿದ್ದ, ಕಂಪನಿ ಮನೆ ಇತ್ತು. "ನಡಿ ಯವ್ವಾ, ಹಟ್ಟಿಗೆ ಹೋಗಿಬಿಡೂಣು. ಕೇಸೂ ಬ್ಯಾಡ, ಏನೂ ಬ್ಯಾಡ. ಕಣ್ಣಿಲ್ಲದಾಕಿಗೆ ಯಾರು ಏನಂತಾರ?"

"ನೋಡುವಾಗ ಕಣ್ಣು ಇದ್ವಲ್ಲ ಬೇ" ಅಂದಳು ಗದ್ದೆಮ್ಮ.

ಕಾಟ ಒಂದೇ ಕಡೆಯಿಂದ ಬರಲಿಲ್ಲ. ಕನಕಮ್ಮನ ಅಣ್ಣ ಮುದುಕಪ್ಪ ಜವಳಗೇರಾದಿಂದ ಬಂದಿದ್ದ. ತಂಗಿಯ ಮನೆಯ ಕೇಸನ್ನು ತಾನೇ ಮೈಮೇಲೆ ಹಾಕಿಕೊಂಡು ಓಡಾಡುತ್ತಿದ್ದವನು. ಒಂದು ಸಂಜೆ ಗದ್ದೆಮ್ಮನನ್ನು ಕರೆಸಿ, ಆದಪ್ಪನ ಮಗ್ಗುಲಲ್ಲೇ ಕೂಡ್ರಿಸಿದ.

"ಯಕ್ಕಾ, ವೆಂಕೋಬ ಬರೀ ಕೈಯಿ. ತಲಿ ದುರುಗಪ್ಪಂದು. ಅಂವ ಹೊರಗುಳಿದ್ರ ನಾಳೆ ಇನ್ನೊಬ್ಬನ ಮಗನ್ನ ಹೊಡಸ್ತಾನ. ಹಿಡದಾವ ಅವನೇ ಅಂತ ಒಂದು ಮಾತು ಹೇಳಿಬಿಡು."

"ನಾ ಅವನ ಮಾರಿ ನೋಡಿಲ್ಲೋ ತಮ್ಮಾ."

"ಅವನಲ್ದ ಮತ್ಯಾರು? ನಿನಗೆ ಗೊತ್ತಿಲ್ಲೇನು?"

"ಗೊತ್ತೈತಿ. ನೋಡಿಲ್ಲ."

ಕನಕಮ್ಮ ಮಗನ ಕೈ ಎತ್ತಿ ಗದ್ದೆಮ್ಮನ ತೊಡೆಯ ಮೇಲೆ ಇಟ್ಟಳು. ಆ ಕೈಗೆ ಭಾರ ಮಾತ್ರ ಇತ್ತು. "ಇವನ್ನ ನೋಡು" ಅಂದಳು. ಗದ್ದೆಮ್ಮನಿಗೆ ಆದಪ್ಪನ ಕಿವಿ ಕಂಡಿತು, ಕುತ್ತಿಗೆ ಕಂಡಿತು. ಕುಡುಗೋಲಿನ ಬೆಚ್ಚನೆಯ ಹಿಡಿ ನೆನಪಾಯಿತು. ದುರುಗಪ್ಪನನ್ನು ಒಳಗೆ ಹಾಕಿಸುವುದು ಕನಕಮ್ಮನಿಗಿಂತ ತನಗೇ ಹೆಚ್ಚು ಬೇಕಾಗಿದೆ ಅನ್ನಿಸಿ ಅವಳಿಗೆ ತನ್ನ ಮೇಲೇ ಹೆದರಿಕೆಯಾಯಿತು.

ಕೇಸು ಲಿಂಗಸುಗೂರು ಕೋರ್ಟಿನಲ್ಲಿ ನಡೆಯಿತು. ತಾರೀಖಿನ ಮೇಲೆ ತಾರೀಖು ಬಿದ್ದು ಒಂದು ಮಳೆಗಾಲವೂ ಕಳೆಯಿತು. ಕೊನೆಗೆ ಸಾಕ್ಷಿಗೆ ಸಮನ್ಸು ಬಂದಾಗ ಅದರ ಜೊತೆಗೇ ಇನ್ನೊಂದು ಸುದ್ದಿ ಬಂತು. ಆರೋಪಿಗಳ ವಕೀಲರು ದಸ್ತಗೀರ್‌ಸಾಬರನ್ನೂ ಕರೆಸುವಂತೆ ಕೋರ್ಟಿಗೆ ಕೇಳಿಕೊಂಡಿದ್ದರು, ಗದ್ದೆಮ್ಮನ ಕಣ್ಣಿನ ಎಲ್ಲ ಚಿತ್ರಗಳ ಸಮೇತ.

ಸಾಕ್ಷಿಯ ತಾರೀಖಿನ ಹಿಂದಿನ ವಾರ ಡಾಕ್ಟರು ಸಿಂಧನೂರಿಗೆ ಬಂದಾಗ ಅವಳು ಹೋದಳು.

"ಸಾಹೇಬ್ರ, ನೀವು ಏನ್ ಹೇಳಾವ್ರು?"

"ಚಿತ್ರದಾಗ ಏನದ, ಅದು."

"ನಾ ನೋಡಿದ ದಿನದ್ದು ಐತೇನ್ರಿ ಚಿತ್ರದಾಗ?"

ಅವರು ತಲೆಯ ಮೇಲೆ ಕೈಯಾಡಿಸಿಕೊಂಡರು. "ಇಲ್ಲಮ್ಮ. ಆ ದಿನದ ಮುಂಚಿಂದೊಂದು ಅದ, ಆ ಮ್ಯಾಲಿಂದೊಂದು ಅದ. ನಡುವಿಂದು ಇಲ್ಲ. ನಾನು ವರ್ಷಕ್ಕೊಮ್ಮೆ ಕ್ಯಾಮೆರಾ ಹಿಡಿಯಾಂವ. ರೋಗ ನನ್ನ ಕೇಳಿ ಬರಂಗಿಲ್ಲ." ಆಮೇಲೆ ದನಿ ತಗ್ಗಿಸಿ, "ನಿನ್ನ ಕಣ್ಣು ನಿನಗೇ ತಿರುಗಿ ಬೀಳೋ ಹಂಗ ಮಾಡ್ಲಿಕ್ಕೆ ನಾನು ಇದನ್ನ ತೆಗೀಲಿಲ್ಲಮ್ಮ. ಆದ್ರ ಕೋರ್ಟು ಕೇಳಿದ್ರ ಒಲ್ಲೆ ಅನ್ಲಿಕ್ಕಾಗಂಗಿಲ್ಲ" ಅಂದರು.

ಸಾಕ್ಷಿಯ ದಿನ ಡಾಕ್ಟರು ಹೈದರಾಬಾದಿಗೆ ಮರಳಬೇಕಿದ್ದರಿಂದ ಮ್ಯಾಜಿಸ್ಟ್ರೇಟರು ಎರಡೂ ಕಡೆಯವರನ್ನು ಒಪ್ಪಿಸಿ ಮೊದಲು ಅವರನ್ನೇ ಕರೆದರು. ಸಾಕ್ಷಿ ಹೇಳಬೇಕಾದವಳು ಒಳಗೆ ಕೂಡುವಂತಿಲ್ಲ. ಗದ್ದೆಮ್ಮ ಹೊರಗೆ ಕಟ್ಟೆಯ ಮೇಲೆ ಪಕೀರಮ್ಮನ ಕೈ ಹಿಡಿದುಕೊಂಡು ಕುಳಿತಳು. ಒಳಗಿನ ಮಾತು ಗುಂಯ್‌ಗುಡುತ್ತಿತ್ತೇ ಹೊರತು ಒಂದೂ ತಿಳಿಯುತ್ತಿರಲಿಲ್ಲ. ಒಮ್ಮೆ ವಕೀಲರ ದನಿ ಏರಿತು. ಒಮ್ಮೆ ಯಾರೋ ನಕ್ಕರು. ಬೇವಿನ ಗಿಡದ ನೆರಳಿನಲ್ಲಿ ಬಿಳಿ ಅಂಗಿಯೊಂದು ಅತ್ತಿಂದಿತ್ತ ಓಡಾಡುತ್ತಿತ್ತು. ಅದು ದುರುಗಪ್ಪನ ಕಡೆಯವನೋ, ಬೇರೆ ಯಾರೋ, ಅವಳಿಗೆ ಗೊತ್ತಾಗಲಿಲ್ಲ, ಮಗಳನ್ನು ಕೇಳಲು ಧೈರ್ಯ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದರು. ಅವರ ಬೂಟಿನ ಸದ್ದು ಅವಳ ಮುಂದೆ ಒಂದು ಗಳಿಗೆ ನಿಂತಿತು. ಮಾತಾಡುವಂತಿರಲಿಲ್ಲ. ಸದ್ದು ಮುಂದೆ ಹೋಯಿತು.

"ಗದ್ದೆಮ್ಮಾ" ಅಂತ ಮೂರು ಸಲ ಕೂಗಿದರು.

ಸರ್ಕಾರಿ ವಕೀಲರು ಮೊದಲು ಕೇಳಿದರು. ಅವಳು ಹೇಳಿದಳು: ಹುಲ್ಲು ಕೊಯ್ಯುತ್ತಿದ್ದೆ, ಜಗಳ ಕೇಳಿ ಎದ್ದೆ, ವೆಂಕೋಬ ಸಲಿಕೆಯಿಂದ ಹೊಡೆದ, ಇನ್ನೊಬ್ಬ ಹಿಡಿದುಕೊಂಡಿದ್ದ. ಇನ್ನೊಬ್ಬನ ಮಾತು ಬಂದಾಗ ಹಿಂದಿನ ಸಾಲಿನಲ್ಲಿ ಮುದುಕಪ್ಪ ಕೆಮ್ಮಿದ. ಅವಳು ಅಷ್ಟಕ್ಕೇ ನಿಲ್ಲಿಸಿದಳು.

ಆರೋಪಿಗಳ ವಕೀಲರು ಎದ್ದು ಹತ್ತಿರ ಬಂದರು. ದನಿ ಮೆತ್ತಗಿತ್ತು.

"ಅಮ್ಮಾ, ನಾನು ಕಾಣಿಸ್ತೀನಾ ನಿಮಗೆ?"

"ಕರೀ ಕೋಟು ಕಾಣ್ತೈತ್ರಿ. ಮಾರಿ ಕಾಣಂಗಿಲ್ಲ."

"ಅಗೋ ಅಲ್ಲಿ ಕಟಕಟೆಯಲ್ಲಿ ಇಬ್ಬರು ನಿಂತಿದ್ದಾರೆ. ಅವರಲ್ಲಿ ವೆಂಕೋಬ ಯಾರು, ಕೈ ಮಾಡಿ ತೋರಿಸಿ."

ಗದ್ದೆಮ್ಮ ಅತ್ತ ತಿರುಗಿದಳು. ಕಟಕಟೆಯ ಕಟ್ಟಿಗೆ ಕಂಡಿತು, ಎರಡು ಅಂಗಿ ಕಂಡವು. ತಲೆ ಓರೆ ಮಾಡಿ, ಕಣ್ಣಂಚಿನಿಂದ ನೋಡಲು ಹವಣಿಸಿದಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ಇಬ್ರು ನಿಂತಾರ ಅಂಬೋದು ಗೊತ್ತಾಗ್ತೈತ್ರಿ. ಯಾರು ಯಾರು ಅಂತ ಹೇಳಾಕ ಆಗಂಗಿಲ್ಲ."

"ನಾಲ್ಕು ಮಾರು ದೂರ ನಿಂತವನು ಕಾಣೋದಿಲ್ಲ. ಎರಡು ಮಡಿ ಆಚೆ ನಿಂತವನು ಕಂಡ!" ವಕೀಲರು ಮ್ಯಾಜಿಸ್ಟ್ರೇಟರ ಕಡೆ ತಿರುಗಿದರು, ಮತ್ತೆ ಇವಳ ಕಡೆ ಬಂದರು. "ಈ ರೋಗ ನಿಮಗೆ ಎಂಬತ್ತಾರರಿಂದ ಇದೆ. ಹೌದಲ್ಲ?"

"ಹೌದ್ರಿ. ಎಡಗಣ್ಣಾಗ."

"ಬಲಗಣ್ಣಿಗೆ ರಕ್ತ ಯಾವ ದಿನ ಬಂತು ಅಂತ ಫೋಟೋ ಹೇಳೋದಿಲ್ಲ. ನಿಮ್ಮ ಡಾಕ್ಟರರೇ ಈಗ ಇಲ್ಲಿ ನಿಂತು ಒಪ್ಪಿಕೊಂಡು ಹೋದರು. ಹಾಗಾದರೆ ಆ ದಿನವೇ ಬಂದಿರಬಹುದು, ಅದಕ್ಕೂ ಮುಂಚೆಯೇ ಬಂದಿರಬಹುದು. ಅಲ್ಲವೇ?"

ಡಾಕ್ಟರು ತನ್ನ ಕೈ ಬಿಟ್ಟರೇ? ಕಟ್ಟೆಯ ಮುಂದೆ ಒಂದು ಗಳಿಗೆ ನಿಂತು ಹೋದದ್ದು ಅದಕ್ಕೇನಾ? ಗದ್ದೆಮ್ಮ ಕಟಕಟೆಯ ಅಂಚು ಬಿಗಿಯಾಗಿ ಹಿಡಿದುಕೊಂಡಳು. ಗೊತ್ತಾಗಂಗಿಲ್ರಿ ಅಂದುಬಿಟ್ಟರೆ ಈ ಕ್ಷಣವೇ ಇಳಿದು ಮಗಳ ಕೈ ಹಿಡಿದು ಹಟ್ಟಿಯ ಬಸ್ಸು ಹತ್ತಬಹುದು. ಒಬ್ಬರೂ ತಪ್ಪು ಅನ್ನುವುದಿಲ್ಲ.

"ಫೋಟೋದ್ದು ನನಗ ಗೊತ್ತಿಲ್ರಿ" ಅಂದಳು. "ಆ ದಿನ ಕಣ್ಣು ಸಾಫ್ ಇತ್ತು."

"ಏನು ಕಂಡಿತಮ್ಮ ಅಂಥಾ ಸಾಫಾಗಿ? ಬಿಳೀ ಅಂಗಿಯಾ? ಅಂಥವು ಊರ ತುಂಬ ಇವೆ."

"ಅಂಗಿ ಇದ್ದಿಲ್ರಿ. ಬನೀನು ಇತ್ತು, ಹೆಗಲ ಮ್ಯಾಲೆ ಹರದಿತ್ತು. ನಾ ಚೀರಿದಾಗ ಅಂವ ನನ್ನ ಕಡೆ ಹೊಳ್ಳಿ ನೋಡಿದ. ಎಡ ಹುಬ್ಬಿನ ಮ್ಯಾಲೆ ಕುರ ಎದ್ದಿತ್ತು, ಅದಕ್ಕ ಸುಣ್ಣ ಹಚ್ಚಿದ್ದ. ಬಾಯಿ ತೆರದಿದ್ದ. ಸಣ್ಣಾಂವ ಇದ್ದಾಗ ನಮ್ಮ ಗುಂಪಿನ ಹಿಂದ ಬಂದು ರೊಟ್ಟಿ ಬೇಡಿ ತಿಂತಿದ್ದ್ರಿ ಅಂವ. ಆ ಮಾರಿ ನನಗ ತಪ್ಪಂಗಿಲ್ಲ."

ಆರೋಪಿಗಳ ಕಟಕಟೆಯಲ್ಲಿ ಏನಾಯಿತೋ ಅವಳಿಗೆ ಕಾಣಲಿಲ್ಲ. ವಕೀಲರು ಕಾಗದ ತಿರುವಿದರು, ಇನ್ನೇನೋ ಕೇಳಲು ಹೋಗಿ ಬಿಟ್ಟರು, ಕುಳಿತರು.

ಆಗ ಮ್ಯಾಜಿಸ್ಟ್ರೇಟರು ತಾವೇ ಮಾತಾಡಿದರು. "ಅಮ್ಮಾ, ಒಬ್ಬನನ್ನ ಇಷ್ಟು ಸ್ಪಷ್ಟವಾಗಿ ನೋಡಿದಿರಿ. ಹಿಡಿದುಕೊಂಡಿದ್ದವನು ಯಾರು? ಎರಡನೇ ಆರೋಪಿ ದುರುಗಪ್ಪನೇನು?"

ಒಂದು ಮಾತು ಸಾಕಿತ್ತು. ಈಗ ಅವಳು ಏನು ಹೇಳಿದರೂ ನಂಬುತ್ತಾರೆ ಅನ್ನುವುದು ಅವಳಿಗೆ ಮೈಗೇ ಗೊತ್ತಾಗುತ್ತಿತ್ತು. ಹಿಂದೆ ಕನಕಮ್ಮನ ಬಳೆಯ ಸದ್ದಾಯಿತು. ಕೆನ್ನೆಯ ಹತ್ತಿರ ಬಂದ ಕುಡುಗೋಲು, ನೀರಿಗೆ ಹೋದ ಮಗಳು, ಆದಪ್ಪನ ಭಾರದ ಕೈ, ಎಲ್ಲ ಒಟ್ಟಿಗೆ ಬಂದು ನಾಲಿಗೆಯ ತುದಿಯಲ್ಲಿ ಕುಳಿತವು. ಆ ಬೆನ್ನನ್ನು ಅವಳು ಮತ್ತೆ ಮನಸ್ಸಿನಲ್ಲಿ ತಿರುಗಿಸಿ ನೋಡಲು ಯತ್ನಿಸಿದಳು. ಎಷ್ಟು ಯತ್ನಿಸಿದರೂ ಅದು ಬೆನ್ನೇ ಆಗಿತ್ತು.

"ಬೆನ್ನು ನೋಡೀನ್ರಿ. ತಲಿಗೆ ಟವೆಲ್ ಸುತ್ತಿದ್ದ. ಮಾರಿ ನಾ ನೋಡಿಲ್ರಿ."

"ಖಚಿತವಾಗಿ?"

"ನೋಡಿಲ್ರಿ."

ಹಿಂದಿನ ಸಾಲಿನಲ್ಲಿ ಯಾರೋ ದಡಕ್ಕನೆ ಎದ್ದು ಹೊರಗೆ ಹೋದರು. ಮುದುಕಪ್ಪನೇ ಇರಬೇಕು.

ಹೊರಗೆ ಡಾಕ್ಟರು ಬಸ್ಸು ತಪ್ಪಿಸಿಕೊಂಡು ಕಾಯುತ್ತಿದ್ದರು. "ಆ ವಕೀಲರು ನಿನಗ ಅರ್ಧಾ ಹೇಳಿರಬೇಕು" ಅಂದರು. "ಯಾವ ದಿನ ಅಂತ ಚಿತ್ರ ಹೇಳಂಗಿಲ್ಲ ಅಂದದ್ದು ಖರೇ. ಮುಂದಿಂದೂ ಹೇಳೀನಿ. ಸಂಕ್ರಾಂತಿ ಮುಂದ ತೆಗೆದ ಚಿತ್ರದಾಗ ರಕ್ತ ಹಸೀ ಕೆಂಪು ಇತ್ತು. ಹಳೇದಾದ್ರ ಅದು ಹಳದಿ ತಿರಗ್ತದ, ಕಲೆ ಬೀಳ್ತದ. ಅಂಥಾದ್ದು ಏನೂ ಇದ್ದಿಲ್ಲ. ದಸರಾ ಆದ ಮ್ಯಾಲೆ ಆ ಕಣ್ಣಿಗೆ ಛಲೋ ಕಂಡಿರಲಿಕ್ಕೇ ಸಾಕು ಅಂತ ನನ್ನ ಅಭಿಪ್ರಾಯ, ಆದ್ರ ನೂರಕ್ಕೆ ನೂರು ಅಂತ ಆಣಿ ಮಾಡಂಗಿಲ್ಲ ಅಂದೆ. ಬಾಜೂ ಬಾಜೂ ಎರಡೂ ಚಿತ್ರ ಇಟ್ಟು ಮ್ಯಾಜಿಸ್ಟ್ರೇಟ್ ಸಾಹೇಬರಿಗೆ ತೋರಿಸೀನಿ."

ಗದ್ದೆಮ್ಮ ತಲೆಯಾಡಿಸಿದಳು. ಕಟ್ಟೆಯ ಮೇಲೆ ಕುಳಿತು, ಮಗಳು ತಂದುಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದಳು.

ತೀರ್ಪು ಬಂದಾಗ ವೆಂಕೋಬನಿಗೆ ಜೈಲಾಯಿತು. ದುರುಗಪ್ಪನನ್ನು ಬಿಟ್ಟರು. ಅವನು ಊರಿಗೆ ಬಂದವನು ಗದ್ದೆಮ್ಮನ ಓಣಿಗೆ ಮತ್ತೆ ಕಾಲಿಡಲಿಲ್ಲ. ಆದರೆ ಅವಳ ಗುಂಪನ್ನು ತನ್ನ ಹೊಲಕ್ಕೆ ಕರೆಯುವುದನ್ನು ನಿಲ್ಲಿಸಿದ. ಕಾಲುವೆಗೆ ಎಂಜಿನ್ ಮಾತ್ರ ಹಗಲಿನಲ್ಲಿ ಹಚ್ಚಲಿಲ್ಲ. ಕಾಲುವೆಯ ಅಧಿಕಾರಿಗಳು ಒಂದೆರಡು ಸಲ ಬಂದು ಹೋದರು, ಆ ಬೇಸಿಗೆ ಕೊನೆಯ ಮಡಿಗಳಿಗೂ ಅಷ್ಟಿಷ್ಟು ನೀರು ಬಂತು.

ಕನಕಮ್ಮ ಮಾತು ಬಿಟ್ಟಳು. ಬಾವಿಯ ಹತ್ತಿರ ಎದುರಾದರೆ ಕೊಡ ಎತ್ತಿಕೊಂಡು ಹೋಗಿಬಿಡುತ್ತಿದ್ದಳು. ಹೋದದ್ದು ಕನಕಮ್ಮನೇ ಅಂತ ಗದ್ದೆಮ್ಮನಿಗೆ ಪಕೀರಮ್ಮ ಹೇಳಿದ ಮೇಲೆ ಗೊತ್ತಾಗುತ್ತಿತ್ತು. ಮುದುಕಪ್ಪ ಊರ ಮುಂದೆ ನಿಂತು, ಕಣ್ಣು ಹೋದಾಕಿಗೆ ಕರುಳೂ ಹೋಗ್ಯಾವ ಅಂದನಂತೆ. ಅದನ್ನು ಕೇಳಿ ಅವಳು ಒಂದು ಹೊತ್ತು ಉಣ್ಣಲಿಲ್ಲ. ಕನಕಮ್ಮನ ಎದುರಿಗೆ ಹೋಗಿ ಕುಳಿತು ಏನಾದರೂ ಹೇಳಬೇಕು ಅಂತ ಎಷ್ಟೋ ಸಲ ಎದ್ದಳು, ಹೇಳಲು ಹೊಸದೇನೂ ಇಲ್ಲವಲ್ಲ ಅಂತ ಮತ್ತೆ ಕುಳಿತಳು.

ಮುಂದಿನ ನಾಟಿಯ ಕಾಲಕ್ಕೆ ಗುಂಪಿನ ಹೆಂಗಸರು ಯಾರನ್ನು ಮುಂದೆ ನಿಲ್ಲಿಸುವುದು ಅಂತ ಗುಜುಗುಜು ಮಾಡುತ್ತಿದ್ದರು. ಗದ್ದೆಮ್ಮ ತಾನೇ ಸರಿದು ಸಾಲಿನಲ್ಲಿ ಸೇರಿಕೊಂಡಳು. ಕೆಸರಿಗೆ ಇಳಿದರೆ ಬೆರಳಿಗೆ ಕಣ್ಣಿನ ಹಂಗಿರಲಿಲ್ಲ. ಸಾಲು ಅರ್ಧಕ್ಕೆ ಬಂದಿರಬೇಕು, ಮಗ್ಗುಲಲ್ಲಿ ಯಾರೋ ಇಳಿದ ಸದ್ದಾಯಿತು, ಸಸಿಯ ಕಟ್ಟು ಬಿಚ್ಚಿದ ಸದ್ದಾಯಿತು.

"ಹೂಂ ಅಂದಿದ್ರ ದುರುಗಪ್ಪನೂ ಒಳಗ ಹೋಗ್ತಿದ್ದ" ಅಂದಿತು ಕನಕಮ್ಮನ ದನಿ. ಎಷ್ಟೋ ತಿಂಗಳ ಮೇಲೆ ಆಡಿದ ಮೊದಲ ಮಾತು.

"ಹೋಗ್ತಿದ್ದ" ಅಂದಳು ಗದ್ದೆಮ್ಮ, ಬಗ್ಗಿದಲ್ಲಿಂದ ಏಳದೆ.

"ನಿನ್ನ ಮ್ಯಾಲೆ ನನ್ನ ಸಿಟ್ಟು ಇಳದಿಲ್ಲ."

"ಇರಲಿ."

ಇಬ್ಬರೂ ಒಂದೊಂದು ಕಟ್ಟು ಸಸಿ ನೆಟ್ಟರು. ಆಮೇಲೆ ಕನಕಮ್ಮ ಕೈ ಚಾಚಿ, ಗದ್ದೆಮ್ಮ ಸಾಲು ಬಿಟ್ಟು ಆಚೆ ಊರಿದ್ದ ಒಂದು ಸಸಿಯನ್ನು ಕಿತ್ತು ಈಚೆ ನೆಟ್ಟಳು. "ಎಡಕ್ಕ ಸರಿ, ಡೊಂಕಾಗಾಕತ್ತೈತಿ" ಅಂದಳು.

ಗದ್ದೆಮ್ಮ ಎಡಕ್ಕೆ ಸರಿದಳು.